ಹಲ್ಲಕ್ಕನ ಶುಕ್ರವಾರ

ಬೇರೆಯವರ ಬಾಯಿಗೆ ಹಲ್ಲು ಜೋಡಿಸಿ ಕೊಡುವುದು ಅವಳ ಕಸುಬು. ಹೀಗಾಗಿ ಓಣಿಯವರೆಲ್ಲರ ಬಾಯಲ್ಲಿ ಅವಳು ಹಲ್ಲಕ್ಕ. ಹೆತ್ತವರು ಇಟ್ಟ ಹೆಸರು ಕೆಲಸದ ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿದೆ. ಗಂಡ ಕೂಡ ಒಮ್ಮೊಮ್ಮೆ ಮೈಮರೆತು ಹಾಗೇ ಕರೆದು ಬೈಸಿಕೊಳ್ಳುವುದುಂಟು.

ಸೈಕಲ್ ರಿಪೇರಿ ಅಂಗಡಿಯ ಮೇಲೆ ಒಂದು ಉದ್ದನೆಯ ಕೋಣೆ. ಅಲ್ಲಿ ಒಂಬತ್ತು ಜನ ಸೇರಿ ಹಲ್ಲುಸೆಟ್ಟು ಮಾಡುತ್ತಾರೆ. ದಂತವೈದ್ಯರು ರೋಗಿಯ ಬಾಯಿಯ ಅಳತೆ ತೆಗೆದು ಕಳಿಸುತ್ತಾರೆ. ಬಾಗಿಲ ಪಕ್ಕದ ಮೇಜಿನ ಹಿರಿಯರೊಬ್ಬರು ಅದಕ್ಕೆ ಪ್ಲಾಸ್ಟರ್ ಸುರಿದು ಒಸಡಿನ ಅಚ್ಚು ತೆಗೆಯುತ್ತಾರೆ. ಅವರು ಎಲ್ಲರಿಗೂ ಅಚ್ಚಿನ ಮಾವ. ಆ ಅಚ್ಚು ಹಲ್ಲಕ್ಕನ ಮೇಜಿಗೆ ಬರುತ್ತದೆ. ಅವಳು ಪುಟ್ಟ ದೀಪದ ಉರಿಯಲ್ಲಿ ಗುಲಾಬಿ ಬಣ್ಣದ ಮೇಣ ಮೆದು ಮಾಡಿ, ಮೇಲೆ ಹದಿನಾಲ್ಕು, ಕೆಳಗೆ ಹದಿನಾಲ್ಕು ಹಲ್ಲು ನೆಡುತ್ತಾಳೆ. ಅವಳ ನಂತರ ಸೆಟ್ಟನ್ನು ಬೇಯಿಸಿ ಗಟ್ಟಿ ಮಾಡುವವರು, ಉಜ್ಜುವವರು, ಹೊಳಪು ಕೊಡುವವರು. ನಡುವೆ ಒಬ್ಬರು ಎದ್ದು ಹೋದರೆ ಮುಂದಿನವರೆಲ್ಲ ಕೈಕಟ್ಟಿ ಕೂರಬೇಕು.

ಕೆಲಸದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಎಪ್ಪತ್ತು ದಾಟಿದವರ ಸೆಟ್ಟು ಬಂದರೆ ಮುಂದಿನ ಒಂದು ಹಲ್ಲನ್ನು ಕೂದಲೆಳೆಯಷ್ಟು ಓರೆ ಮಾಡುತ್ತಿದ್ದಳು. "ಆ ವಯಸ್ಸಿಗೆ ಮುತ್ತಿನ ಸಾಲು ಕೊಟ್ರೆ ಮೊಮ್ಮಕ್ಕಳೇ ನಂಬಲ್ಲ" ಎನ್ನುವುದು ಅವಳ ವಾದ. ಮಾಲೀಕರು ಮೊದಮೊದಲು ಗೊಣಗಿದರು. ಆಮೇಲೆ ವೈದ್ಯರೇ "ಆ ಓರೆ ಹಲ್ಲಿನವರ ಕೈಯಲ್ಲೇ ಮಾಡಿಸಿ" ಎಂದು ಕೇಳತೊಡಗಿದ ಮೇಲೆ ತೆಪ್ಪಗಾದರು.

ವಾರಕ್ಕೆ ನಾಲ್ಕೇ ದಿನ ಕೆಲಸ ಎಂಬ ಹುಳವನ್ನು ಆ ಕೋಣೆಗೆ ಬಿಟ್ಟವಳೂ ಅವಳೇ. ಯಾವುದೋ ಪತ್ರಿಕೆಯಲ್ಲಿ ಓದಿದ್ದಳು. ಎಲ್ಲೋ ಕೆಲವು ಕಂಪನಿಗಳಲ್ಲಿ ಮೂರು ದಿನ ರಜೆಯಂತೆ, ಜನ ಸುಖವಾಗಿದ್ದಾರಂತೆ, ಕೆಲಸವೂ ಕೆಟ್ಟಿಲ್ಲವಂತೆ. ಆ ತುಂಡು ಕಾಗದ ಹಿಡಿದು ಹದಿನೈದು ದಿನ ಎಲ್ಲರ ತಲೆ ತಿಂದಳು. ಮಾಲೀಕರ ಮುಂದೆ ಪಟ್ಟು ಹಿಡಿದು ಕೂತಳು. ಎರಡನೇ ಕ್ಲಾಸಿನ ಮಗಳಿದ್ದಾಳೆ, ವಾರದಲ್ಲಿ ಒಂದು ದಿನ ಹೆಚ್ಚಿಗೆ ಸಿಕ್ಕರೆ ಅವಳ ಜೊತೆ ಇರಬಹುದಲ್ಲ ಎಂಬುದೇ ಅವಳ ಲೆಕ್ಕ. ಆ ಲೆಕ್ಕ ಎಷ್ಟು ಚೆನ್ನಾಗಿತ್ತೆಂದರೆ ಅದನ್ನು ಇನ್ನೊಂದು ಸಲ ಕೂಡಿ ನೋಡುವ ಗೋಜಿಗೇ ಅವಳು ಹೋಗಲಿಲ್ಲ.

ಮಾಲೀಕರು ಕೆಟ್ಟವರಲ್ಲ, ಎಚ್ಚರದವರು. "ಆಯ್ತಮ್ಮ, ಮೂರು ತಿಂಗಳು ನೋಡೋಣ. ಸಂಬಳ ಹಾಗೇ ಇರುತ್ತೆ. ಆದ್ರೆ ವಾರದ ನಲವತ್ತು ಗಂಟೆ ನಲವತ್ತೇ. ಊಟದ ಅರ್ಧ ಗಂಟೆ ಬಿಟ್ಟು, ಬೆಳಿಗ್ಗೆ ಎಂಟೂವರೆಗೆ ಕೂತ್ರೆ ಸಂಜೆ ಏಳಕ್ಕೆ ಏಳೋದು. ಶುಕ್ರವಾರ ಬೀಗ. ಮೂರು ತಿಂಗಳಾದ್ಮೇಲೆ ಒಂಬತ್ತು ಜನಾನೂ ಒಪ್ಪಿದ್ರೆ ಮುಂದುವರಿಸ್ತೀನಿ. ಒಬ್ಬರು ಬೇಡ ಅಂದ್ರೂ ಹಳೇ ಪದ್ಧತಿನೇ" ಎಂದರು. ಕೋಣೆಯಲ್ಲಿ ಚಪ್ಪಾಳೆಯೋ ಚಪ್ಪಾಳೆ. ಆ ದಿನ ಹಲ್ಲಕ್ಕನ ಕಾಲು ನೆಲದ ಮೇಲಿರಲಿಲ್ಲ.

ಮೊದಲ ಶುಕ್ರವಾರ ಅವಳು ಮಾಡಿದ ಘನಕಾರ್ಯವೆಂದರೆ ಮಗಳನ್ನು ಶಾಲೆಗೆ ಬಿಟ್ಟು ಬಂದು ಮತ್ತೆ ಮಲಗಿದ್ದು. ಗಂಡ ಸಿಟಿ ಬಸ್ಸಿನ ಚಾಲಕ. ಮಧ್ಯಾಹ್ನ ಒಂದಕ್ಕೆ ಹೊರಟರೆ ಓಣಿಯೆಲ್ಲ ಮಲಗಿದ ಮೇಲೆ ಬರುವವನು. ಇಬ್ಬರೂ ಎಚ್ಚರವಿದ್ದು, ಮನೆಯಲ್ಲಿ ಇಬ್ಬರೇ ಇದ್ದು ಎಷ್ಟು ವರ್ಷವಾಗಿತ್ತೋ. ಹತ್ತು ಗಂಟೆಗೆ ಎದುರುಬದುರು ಕೂತು ಚಹಾ ಕುಡಿಯುವಾಗ ಏನು ಮಾತಾಡಬೇಕೆಂದು ಇಬ್ಬರಿಗೂ ತೋಚಲಿಲ್ಲ. ಕೊನೆಗೆ ಅವನೇ, "ನೀನು ಹಗಲಲ್ಲಿ ಹೀಗೆ ಕಾಣ್ತೀಯಾ?" ಎಂದ. "ಯಾಕೆ, ಹೇಗೆ ಕಾಣ್ತೀನಿ?" ಎಂದು ಅವಳು ಹುಬ್ಬೇರಿಸಿದಳು. "ಪರವಾಗಿಲ್ಲ" ಎಂದು ಅವನು ಲೋಟದಲ್ಲಿ ಮುಖ ಮುಚ್ಚಿಕೊಂಡ. ಇಂಥ ಮಾತಿಗೆ ಹತ್ತು ವರ್ಷದ ಸಂಸಾರಸ್ಥೆ ನಾಚಬಾರದು, ಆದರೂ ನಾಚಿದಳು.

ರಜೆಯ ಸುದ್ದಿ ನೆಂಟರ ಕಿವಿಗೂ ಬಿತ್ತು. ಅತ್ತಿಗೆಗೆ ಕಣ್ಣಿನ ಆಸ್ಪತ್ರೆಗೆ ಜೊತೆ ಬೇಕು, ತಂಗಿಯ ಮನೆಗೆ ನಲ್ಲಿ ರಿಪೇರಿಯವನು ಬರುವಾಗ ಯಾರಾದರೂ ಇರಬೇಕು. ಎಲ್ಲರದ್ದೂ ಒಂದೇ ರಾಗ: "ಹೇಗೂ ಶುಕ್ರವಾರ ನಿಂಗೆ ರಜಾ ಅಲ್ವಾ?" ಅವಳು ಮೂರು ವಾರ ಹೋದಳು, ನಾಲ್ಕನೇ ವಾರ ಫೋನ್ ಎತ್ತಲಿಲ್ಲ. ಅದೇನೂ ದೊಡ್ಡ ಕಷ್ಟವಲ್ಲ.

ಕಷ್ಟ ಬೇರೆ ಕಡೆಯಿಂದ ಬಂತು. ಮೊದಲಾದರೆ ಐದೂವರೆಗೆ ಕೆಲಸ ಬಿಟ್ಟು ಆರರೊಳಗೆ ಅವಳು ಮನೆ ಸೇರುತ್ತಿದ್ದಳು. ನಾಲ್ಕಕ್ಕೆ ಶಾಲೆ ಬಿಟ್ಟ ಮಗಳು ಅಲ್ಲಿಯವರೆಗೆ ಪಕ್ಕದ ಮನೆ ಅಜ್ಜಿಯ ಹತ್ತಿರ ಇರುತ್ತಿದ್ದಳು. ಅಮ್ಮ ಬಂದದ್ದೇ ತಡ, ಅಡುಗೆಕಟ್ಟೆಯ ಮೇಲೆ ಏರಿ ಕೂತು ಶುರು. ಯಾರು ಯಾರ ಪೆನ್ಸಿಲ್ ಕದ್ದರು, ಟೀಚರ್ ಯಾಕೆ ಸೀನಿದರು, ಯಾರ ಜೊತೆ ಟೂ, ಯಾರ ಜೊತೆ ಸೇ. ತರಕಾರಿ ಹೆಚ್ಚುತ್ತ ಹ್ಞೂಂಗುಟ್ಟುತ್ತ ಹಲ್ಲಕ್ಕ ಅದನ್ನೆಲ್ಲ ಅರ್ಧ ಕಿವಿಯಲ್ಲಿ ಕೇಳುತ್ತಿದ್ದಳು. ಆಗ ಅದಕ್ಕೊಂದು ಬೆಲೆಯಿದೆ ಎಂದು ಅವಳಿಗೆ ಅನ್ನಿಸಿರಲೇ ಇಲ್ಲ.

ಈಗ ಮನೆ ಮುಟ್ಟುವಾಗ ಏಳು ಕಾಲು. ಕುಕ್ಕರ್ ಇಡು, ಹೋಮ್‌ವರ್ಕ್ ನೋಡು, ಉಣ್ಣಿಸು. ಎಂಟೂವರೆಗೆ ಮಗಳ ಕಣ್ಣು ಎಳೆಯುತ್ತಿತ್ತು. ಬೆಳಿಗ್ಗೆ ಅವಳನ್ನು ಶಾಲೆಗೆ ಹೊರಡಿಸುವುದು ಗಂಡನ ಪಾಲಿಗೆ ಬಂದಿತ್ತು. ಅವನು ಹೆಣೆದ ಜಡೆಗಳು ಒಂದು ಪೂರ್ವಕ್ಕೆ, ಒಂದು ಪಶ್ಚಿಮಕ್ಕೆ ಮುಖ ಮಾಡುತ್ತಿದ್ದವು. ಇನ್ನು ಶುಕ್ರವಾರ? ಆ ದಿನ ಬೆಳಿಗ್ಗೆಯಿಂದ ನಾಲ್ಕರವರೆಗೆ ಮಗಳು ಶಾಲೆಯಲ್ಲಿ. ಯಾರಿಗಾಗಿ ರಜೆ ಗಿಟ್ಟಿಸಿದ್ದಳೋ ಅವಳೇ ಮನೆಯಲ್ಲಿಲ್ಲ. ಸಿಕ್ಕಿದ್ದು ಮಗಳಿಲ್ಲದ ಒಂದು ಹಗಲು, ಕಳೆದುಹೋದದ್ದು ಮಗಳಿದ್ದ ನಾಲ್ಕು ಸಂಜೆ. ಇದು ಅರ್ಥವಾಗಲು ಅವಳಿಗೆ ಆರು ವಾರ ಬೇಕಾಯಿತು, ಪಾಪ.

ಅರ್ಥ ಮಾಡಿಸಿದ್ದು ಒಂದು ಮಂಗಳವಾರ. ಏಳು ಕಾಲಿಗೆ ಅಜ್ಜಿಯ ಬಾಗಿಲು ತಟ್ಟಿದಾಗ ಮಗಳು ಬಾಯಿ ಕಳೆದು ತೋರಿಸಿದಳು. ಕೆಳಸಾಲಿನ ಮುಂದಿನ ಹಲ್ಲಿನ ಜಾಗ ಖಾಲಿ. ಮೊದಲ ಹಾಲುಹಲ್ಲು.

"ಯಾವಾಗ ಬಿತ್ತೇ?"

"ಆರು ಗಂಟೆಗೆ. ರಕ್ತ ಬಂತು. ನಾನು ಅಳ್ಲಿಲ್ಲ. ಅಜ್ಜಿ ನೀರು ಮುಕ್ಕಳಿಸು ಅಂದ್ರು."

"ಎರಡು ದಿನದಿಂದ ಅಲ್ಲಾಡ್ತಿತ್ತಲ್ಲ, ನಿಂಗೆ ಹೇಳಿರ್ಲಿಲ್ವೇನೇ?" ಎಂದರು ಅಜ್ಜಿ. "ನಿನ್ ಮಗಳು ಬಾಯಿ ಮುಚ್ಚೋದೇ ಇಲ್ಲ ನೋಡು. ಅವಳಿದ್ರೆ ನಂಗೆ ಹೊತ್ತು ಹೋಗೋದೇ ತಿಳಿಯಲ್ಲ."

ಅಜ್ಜಿ ಸಂತೋಷಕ್ಕೇ ಹೇಳಿದ್ದು. ಹಲ್ಲಕ್ಕನ ಎದೆಗೆ ಮಾತ್ರ ಅದು ಚುಚ್ಚಿಕೊಂಡಿತು. ಆರು ಗಂಟೆಗೆ ಅವಳು ಯಾವುದೋ ಊರಿನ ಯಾವುದೋ ಅಜ್ಜನಿಗೆ ಕೆಳಸಾಲು ಕೂರಿಸುತ್ತಿದ್ದಳು. ಅಜ್ಜಿ ಕಾಗದದ ಪೊಟ್ಟಣ ಕಟ್ಟಿ ಇಟ್ಟಿದ್ದ, ಅಕ್ಕಿಕಾಳಿನಷ್ಟು ಚಿಕ್ಕ ಹಲ್ಲನ್ನು ಅಂಗೈಯಲ್ಲಿಟ್ಟು ನೋಡಿದಳು. ದಿನಕ್ಕೆ ನೂರು ಹಲ್ಲು ಮುಟ್ಟುವ ಕೈ ಅದು; ಆ ಒಂದನ್ನು ಮತ್ತೆ ಪೊಟ್ಟಣ ಕಟ್ಟಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಿತು.

ಮರುದಿನವೇ ಮಾಲೀಕರ ಹತ್ತಿರ ಹೋದಳು. "ಸರ್, ನಾನೊಬ್ಬಳು ಮೊದಲಿನ ಥರಾನೇ ಐದೂವರೆಗೆ ಹೋಗ್ತೀನಿ. ಉಳಿದ ಕೆಲಸ ಶುಕ್ರವಾರ ಬಂದು ಮುಗಿಸ್ತೀನಿ."

"ನೀನು ಹೋದ್ಮೇಲೆ ಬೇಯಿಸೋರಿಗೆ ಏನು ಕೊಡ್ಲಿ? ಅಲ್ದೆ ಉರಿ ಹಚ್ಚೋ ಕಡೆ ಒಬ್ಬಳನ್ನೇ ಕೂರಿಸೋಕಾಗುತ್ತಾ? ಹೆಚ್ಚುಕಮ್ಮಿ ಆದ್ರೆ ನೋಡೋಕೆ ಒಂದು ಪಿಳ್ಳೆನೂ ಇರಲ್ಲ."

"ಹಾಗಾದ್ರೆ ಎಲ್ಲರೂ ಬೆಳಿಗ್ಗೆ ಏಳಕ್ಕೇ ಶುರು ಮಾಡೋಣ, ಬೇಗ ಬಿಡೋಣ."

"ಇಬ್ಬರಿಗೆ ಮೊದಲ ಬಸ್ಸೇ ಏಳೂವರೆಗೆ. ನೀನೇ ಕೇಳಿ ತಗೊಂಡಿದ್ದಲ್ವೇನಮ್ಮ ಇದು?"

ಹೌದು, ಅವಳೇ ಕೇಳಿ ತೆಗೆದುಕೊಂಡದ್ದು. ಇನ್ನುಳಿದದ್ದು ಒಂದೇ ದಾರಿ. ಮೂರು ತಿಂಗಳು ಮುಗಿದ ದಿನ ಎದ್ದು ನಿಂತು "ನಂಗೆ ಬೇಡ" ಎನ್ನುವುದು. ಒಬ್ಬಳು ಬೇಡವೆಂದರೆ ಸಾಕು, ಸಂಜೆಗಳು ವಾಪಸು. ಎಂಟು ಜನ ಬೈಯುತ್ತಾರೆ. ಬೈದುಕೊಳ್ಳಲಿ ಎಂದು ಹಲ್ಲು ಕಚ್ಚಿ ನಿರ್ಧರಿಸಿದಳು. ಯಾರಿಗೂ ಹೇಳಲಿಲ್ಲ, ಗಂಡನಿಗೊಬ್ಬನಿಗೆ ಬಿಟ್ಟು. ಅವನು, "ಶುಕ್ರವಾರದ ಚಹಾ ಹೋಯ್ತು ಅನ್ನು" ಎಂದ. ಆಮೇಲೆ, "ಹೋಗ್ಲಿ ಬಿಡು, ಅವಳು ಮತ್ತೆ ಏಳು ವರ್ಷದವಳಾಗಲ್ಲ" ಎಂದ.

ಮೂರು ತಿಂಗಳು ಮುಗಿದು ಎಲ್ಲರ ಒಪ್ಪಿಗೆ ಕೇಳುವ ಗುರುವಾರಕ್ಕೆ ಎರಡು ದಿನ ಮೊದಲು ಊಟದ ಹೊತ್ತಿನಲ್ಲಿ ಅಚ್ಚಿನ ಮಾವ ಅವಳ ಮೇಜಿನ ಹತ್ತಿರ ಸ್ಟೂಲು ಎಳೆದುಕೊಂಡು ಕೂತರು. ಮಾತು ಕಮ್ಮಿಯ ಮನುಷ್ಯ. ಉಗುರಿನ ಸಂದಿಯ ಬಿಳಿ ಪ್ಲಾಸ್ಟರ್ ಕೆರೆಯುತ್ತ ಹೇಳಿದರು:

"ನಿಂಗೊಂದು ಮಾತು ಹೇಳ್ಬೇಕು ಅಂತಿದ್ದೆ ಕಣಮ್ಮ. ನಮ್ಮನೆಯವಳಿಗೆ ಕಿಡ್ನಿ ಹೋಗಿದೆ, ಗೊತ್ತಲ್ಲ. ವಾರಕ್ಕೆರಡು ಸಲ ಡಯಾಲಿಸಿಸ್. ಮಂಗಳವಾರ ಅವಳ ತಂಗಿ ಹೋಗ್ತಾಳೆ. ಶುಕ್ರವಾರ ಯಾರೂ ಇರ್ಲಿಲ್ಲ. ಎರಡು ವರ್ಷ ಒಬ್ಬಳೇ ಬಸ್ಸಲ್ಲಿ ಹೋಗಿ ಒಬ್ಬಳೇ ಬಂದ್ಲು. ಬರುವಾಗ ತಲೆ ಸುತ್ತುತ್ತಂತೆ, ಬಸ್ ಸ್ಟಾಪಿಂದ ಮನೆ ತನಕ ಗೋಡೆ ಹಿಡ್ಕೊಂಡು ಬರ್ತಿದ್ಲಂತೆ. ನಂಗೆ ಹೇಳೇ ಇರ್ಲಿಲ್ಲ. ಈಗ ನಾನು ಹೋಗ್ತೀನಲ್ಲ, ಆಗ ದಾರೀಲಿ ತೋರಿಸಿದ್ಲು, ಇಲ್ಲಿ ನಿಂತ್ಕೊತಿದ್ದೆ, ಇಲ್ಲಿ ಕೂತ್ಕೊತಿದ್ದೆ ಅಂತ."

ಹಲ್ಲಕ್ಕ ಕೈಲಿದ್ದ ತುತ್ತನ್ನು ಡಬ್ಬಿಗೇ ಹಾಕಿದಳು.

"ನಾಲ್ಕು ಗಂಟೆ ಹಿಡಿಯುತ್ತೆ. ನಾನೇನೂ ಮಾಡಲ್ಲ. ಪಕ್ಕದಲ್ಲಿ ಕೂತಿರ್ತೀನಿ, ಅಷ್ಟೇ. ಅವಳು ನಿದ್ದೆ ಮಾಡ್ತಾಳೆ. ಮುಂಚೆ ಯಾವತ್ತೂ ಅಲ್ಲಿ ನಿದ್ದೆ ಬರ್ತಿರ್ಲಿಲ್ವಂತೆ." ಮಾವ ಎದ್ದರು. "ನೀನು ಹಟ ಹಿಡಿದು ಕೇಳದಿದ್ರೆ ಇದು ಆಗ್ತಿರ್ಲಿಲ್ಲ. ನಿನ್ನ ಹೊಟ್ಟೆ ತಣ್ಣಗಿರ್ಲಿ ತಾಯಿ."

ಒಳ್ಳೆಯ ಮಾತು ಬೈಗುಳಕ್ಕಿಂತ ಭಾರವಾಗಿರುವುದುಂಟು. ಆ ಮಧ್ಯಾಹ್ನ ಅವಳು ನೆಟ್ಟ ಸೆಟ್ಟಿನಲ್ಲಿ ಎಡಗಡೆಯ ಕೋರೆ ಬಲಕ್ಕೆ, ಬಲದ್ದು ಎಡಕ್ಕೆ ಬಂದಿತ್ತು. ಹದಿನಾರು ವರ್ಷದಲ್ಲಿ ಅಂಥ ತಪ್ಪು ಇದೇ ಮೊದಲು. ಮೇಣ ಕರಗಿಸಿ ಮತ್ತೆ ಕೂರಿಸಿದಳು. ಎಂಟು ಜನ ಬೈದುಕೊಳ್ಳಲಿ ಎಂದಿದ್ದಳಲ್ಲ, ಅದರಲ್ಲಿ ಏಳು ಜನರ ಬೈಗುಳ ಅವಳಿಗೆ ಲೆಕ್ಕಕ್ಕಿಲ್ಲ. ಈ ಒಬ್ಬರು ಬೈಯುವುದೇ ಇಲ್ಲ, ಅದೇ ತೊಂದರೆ. ಅವಳು ಬೇಡವೆಂದರೆ ಅವರು ಒಂದು ಮಾತೂ ಆಡದೆ ಮುಂದಿನ ಶುಕ್ರವಾರ ಬಂದು ಪ್ಲಾಸ್ಟರ್ ಕಲೆಸುತ್ತಾರೆ. ಅದೇ ಹೊತ್ತಿಗೆ ಆ ಹೆಂಗಸು ಗೋಡೆ ಹಿಡಿದು ನಡೆಯುತ್ತಿರುತ್ತಾಳೆ.

ಗುರುವಾರ ಏಳಕ್ಕೆ ಹತ್ತು ನಿಮಿಷವಿರುವಾಗ ಮಾಲೀಕರು ಎಲ್ಲರನ್ನೂ ನಿಲ್ಲಿಸಿಕೊಂಡರು. "ಯಾರ್ಯಾರಿಗೆ ಇದೇ ಮುಂದುವರೀಬೇಕು, ಕೈ ಎತ್ತಿ." ಪಟಪಟನೆ ಕೈಗಳು ಮೇಲೆದ್ದವು. ಮಾವನದ್ದು ಬಿಳಿ ಬಿಳಿ ಕೈ, ಅರ್ಧವೇ ಎತ್ತಿದ್ದು. ಮಾಲೀಕರು ಎಣಿಸಿದರು. ಎಂಟಾಯಿತು. ಎಲ್ಲರೂ ಹಲ್ಲಕ್ಕನ ಕಡೆ ತಿರುಗಿದರು. ಇವಳೇನು ಮರೆತು ನಿಂತಿದ್ದಾಳೋ ಎಂದು ಯಾರೋ ನಕ್ಕರು ಕೂಡ.

ಅವಳ ಕಣ್ಣ ಮುಂದೆ ಅಡುಗೆಕಟ್ಟೆಯ ಮೇಲೆ ಕಾಲು ತೂಗಾಡಿಸುವ ಮಗಳಿದ್ದಳು. ಅವಳಿಗೆ ಮಗಳ ಮೇಲೆ ಎಷ್ಟು ಪ್ರೀತಿಯಿತ್ತೆಂದು ನಾನು ಹೇಳಬೇಕಾಗಿಲ್ಲ. ಆ ಕ್ಷಣದಲ್ಲಿ ಮಾವನ ಮೇಲೂ, ಅವರ ಹೆಂಡತಿಯ ಮೇಲೂ, ತನ್ನ ಹಟದ ಮೇಲೂ ಅವಳಿಗೆ ಸಿಟ್ಟು ಬಂತು ಎಂಬುದನ್ನು ಮಾತ್ರ ಮುಚ್ಚಿಡುವುದಿಲ್ಲ. ಆಮೇಲೆ ಕೈ ಎತ್ತಿದಳು.

"ಒಂಬತ್ತು" ಎಂದರು ಮಾಲೀಕರು.

ಮರುದಿನ ನಾಲ್ಕಕ್ಕೆ ಹದಿನೈದು ನಿಮಿಷ ಇರುವಾಗಲೇ ಅವಳು ಶಾಲೆಯ ಗೇಟಿನ ಹತ್ತಿರ ನಿಂತಿದ್ದಳು. ಗಂಟೆ ಹೊಡೆಯಿತು. ಮಕ್ಕಳ ಹಿಂಡಿನ ನಡುವಿನಿಂದ ಮಗಳು ಬಂದು ಚೀಲವನ್ನು ಅಮ್ಮನ ಕೈಗೆ ತುರುಕಿದಳು.

"ಬಾ, ಇವತ್ತು ನಿಧಾನಕ್ಕೆ ಹೋಗೋಣ" ಎಂದಳು ಹಲ್ಲಕ್ಕ. "ಸೋಮವಾರದಿಂದ ಏನೇನಾಯ್ತು, ಒಂದೂ ಬಿಡದೆ ಹೇಳು. ಪೂರ್ತಿ ಕೇಳ್ತೀನಿ."

ಮಗಳು ದಾರಿಯ ಕಲ್ಲೊಂದನ್ನು ಒದ್ದಳು. "ಅದೆಲ್ಲಾ ಅಜ್ಜಿಗೆ ಹೇಳಾಯ್ತಲ್ಲಮ್ಮ. ಒಂದ್ಸಲ ಹೇಳಿದ್ನೇ ಮತ್ತೆ ಹೇಳೋಕೆ ಬೇಜಾರು."

"ಹೌದಾ?"

"ಹ್ಞೂಂ." ಮಗಳು ಅವಳ ಮುಖ ನೋಡಿದಳು. ಏನನ್ನಿಸಿತೋ, ಕೈ ಹಿಡಿದುಕೊಂಡಳು. "ಇವತ್ತಿಂದು ಯಾರಿಗೂ ಹೇಳಿಲ್ಲ. ಇವತ್ತಿಂದು ಮಾತ್ರ ಇದೆ. ಸಾಕಾ?"

ಸಾಕು ಎಂದರೆ ಸುಳ್ಳಾಗುತ್ತಿತ್ತು, ಸಾಲದು ಎಂದು ಆ ಮಗುವಿಗೆ ಹೇಳುವಂತಿರಲಿಲ್ಲ. "ಹೇಳು" ಎಂದಷ್ಟೇ ಅಂದಳು. ಮಗಳು ಬೆಳಗಿನ ಮೊದಲ ಗಂಟೆಯಿಂದ ಶುರು ಮಾಡಿದಳು. ಹಲ್ಲಕ್ಕ ಈ ಸಲ ಎರಡೂ ಕಿವಿಯಲ್ಲಿ ಕೇಳುತ್ತ, ಮನೆಗೆ ಹೋಗುವ ಅಡ್ಡರಸ್ತೆ ಬಂದಾಗ ತಿರುಗದೆ ನೇರ ನಡೆದಳು.