ಸೂರಿನ ನೀರು

ಹೆಪ್ಸಿಬಾ ಟಕ್‌ವೆಲ್ ನಮ್ಮೂರ ಚರ್ಚಿನ ಕಸ ಗುಡಿಸುವವಳು. ಲಂಡನ್ನಿನ ವಾಸ್ತುಶಿಲ್ಪಿಯೊಬ್ಬ ಬಂದು ಆ ಪುರಾತನ ಕಟ್ಟಡವನ್ನು ‘ಮೊದಲಿನಂತೆ’ ಮಾಡಲು ಹೊರಟ ವರ್ಷ ಅವಳ ಸೊಂಟ ಬಿದ್ದೇ ಹೋಯಿತು. ಗೋಡೆಯ ಗಾರೆ ಕೆರೆದು ಕಲ್ಲು ಕಾಣಿಸಿದರು. ಒಂದೊಂದು ಮನೆಯವರಿಗೂ ಬೇರೆ ಬೇರೆ ಬಾಗಿಲಿದ್ದ ಎತ್ತರದ ಆಸನಗಳನ್ನು ಕಿತ್ತರು. ನನ್ನಪ್ಪ ಕೂತು ಪ್ರಾರ್ಥನೆಯ ಹಾಡುಗಳಿಗೆ ಪಿಟೀಲು ಬಾರಿಸುತ್ತಿದ್ದ ಅಟ್ಟವನ್ನೂ ಕೆಡವಿದರು. ಮೊದಲಿನಂತೆ ಎಂದರೆ ಯಾವಾಗಿನಂತೆ ಎಂದು ಕೇಳುವ ಧೈರ್ಯ ನಮಗಾರಿಗೂ ಇರಲಿಲ್ಲ. ಗುಡಿಸಿದಷ್ಟೂ ಧೂಳು. ಹೆಪ್ಸಿಬಾ ತುಟಿ ಪಿಟಕ್ಕೆನ್ನದೆ ಗುಡಿಸಿದಳು.

ಅವಳು ಬಾಯಿ ಬಿಟ್ಟದ್ದು ಸೂರಿನುದ್ದಕ್ಕೂ ಮಳೆನೀರು ಹಿಡಿಯುವ ಸೀಸದ ದೋಣಿ ಕೂರಿಸುತ್ತಾರೆಂದು ತಿಳಿದಾಗ. ಮಾಡಿನ ನೀರು ಇನ್ನು ಗೋಡೆಯ ಬುಡಕ್ಕೆ ಬೀಳಬಾರದಂತೆ, ದೋಣಿಯಲ್ಲಿ ಹರಿದು ಮೂಲೆಯ ಕೊಳವೆಯಲ್ಲಿ ಇಳಿಯಬೇಕಂತೆ. ಬುಡದಲ್ಲಿ ಚರಂಡಿಯನ್ನೂ ತೋಡುತ್ತಾರಂತೆ.

ಉತ್ತರದ ಗೋಡೆಯ ಬುಡದಲ್ಲಿ ಅವಳ ಕೂಸಿತ್ತು. ಹುಟ್ಟಿದ ಗಳಿಗೆಯಲ್ಲೇ ಹೋದದ್ದು. ಪಾದ್ರಿಗಳು ತಲೆಗೆ ನೀರು ಹಾಕಿ ಹೆಸರಿಡುವ ದೀಕ್ಷಾಸ್ನಾನವಾಗಿರಲಿಲ್ಲ, ಹಾಗಾಗಿ ಹೆಸರಿಲ್ಲ, ಪಾದ್ರಿಗಳ ಪ್ರಾರ್ಥನೆಯಿಲ್ಲ. ಅಂಥ ಕೂಸುಗಳನ್ನು ನಮ್ಮವರು ಗುಟ್ಟಾಗಿ ಸೂರಿನಡಿ ಹೂಳುತ್ತಿದ್ದರು. ದೇವರ ಮಾಡಿನಿಂದ ಇಳಿದ ಮಳೆನೀರು ಮೇಲೆ ಬಿದ್ದರೆ ಅದೇ ದೀಕ್ಷೆ ಎಂದು ನಂಬಿಕೆ.

“ಉತ್ತರದ ಕಡೆ ಒಂದು ಬಿಟ್ಬಿಡಿ ಪಾದ್ರಿಗಳೇ, ನನ್ನ ಕೂಸಿದೆ ಅಲ್ಲಿ,” ಎಂದಳು.

“ಗೋಡೆ ಕೊಳೀತಾ ಇದೆ ಹೆಪ್ಸಿಬಾ. ಇಷ್ಟು ವರ್ಷದ ಮಳೆ ಸಾಲ್ದೇನಮ್ಮ ಒಂದು ಮಗೂಗೆ?”

“ಆಗಿನ ಪಾದ್ರಿಗಳು ಒಂದು ಬೊಗಸೆ ನೀರು ಹಾಕಿದ್ದಿದ್ರೆ ಇಷ್ಟು ಮಳೆ ಯಾಕೆ ಬೇಕಿತ್ತು?”

ಪಾದ್ರಿಗಳು ಒಳ್ಳೆಯವರೇ. ಆದರೆ ದೋಣಿ ಆಗಲೇ ಗಾಡಿಯಲ್ಲಿ ಬಂದಿಳಿದಿತ್ತು.

ಚರಂಡಿ ತೋಡಿದವನು ನಮ್ಮ ಗೋರಿ ಅಗೆಯುವ ಜೆಥ್ರೊ. ಮೂರನೆಯ ಸಂಜೆ ಹೆಪ್ಸಿಬಾಳ ಬಾಗಿಲಿಗೆ ಬಂದು, ಟೋಪಿ ತೆಗೆದು ನಿಂತ.

“ಸಿಕ್ತು ಕಣಕ್ಕ. ಯಾರಿಗೂ ಹೇಳಿಲ್ಲ. ಮೂಲೇಲಿ, ಕೊಳವೆ ಬಾಯಿ ಕೆಳಗೆ ಇಟ್ಟು ಮುಚ್ಚಿದೀನಿ. ಇಲ್ಲೀ ತನಕ ಬರೀ ಸೂರಿನ ಹನಿ ಬೀಳ್ತಿತ್ತು. ಇನ್ಮೇಲೆ ಆ ಕಡೆ ಮಾಡಿನ ನೀರೆಲ್ಲ ನಿನ್ನ ಕೂಸಿಗೇ. ಬಿಷಪ್ಪನ ತಲೆಗೂ ಅಷ್ಟು ನೀರು ಹಾಕಿರಲ್ಲ.”

ಹೆಪ್ಸಿಬಾ ಒಳ್ಳೇದಾಗಲಿ ಎಂದು ಹೇಳಿ ಅವನಿಗೆ ಒಂದು ಲೋಟ ಬಿಯರ್ ಕೊಟ್ಟಳಷ್ಟೆ.

ಅಕ್ಟೋಬರಿನಲ್ಲಿ ಮೊದಲ ದೊಡ್ಡ ಮಳೆ ಬಂತು. ನಾನೂ ಜೆಥ್ರೊನೂ ಬಾಗಿಲ ಮಂಟಪದಲ್ಲಿ ನಿಂತಿದ್ದೆವು. ಹೆಪ್ಸಿಬಾ ನೆನೆಯುತ್ತಲೇ ಮೂಲೆಗೆ ಹೋದಳು. ಕೊಳವೆ ಭೋರೆಂದು ನೀರು ಕಾರುತ್ತಿತ್ತು, ಬುಡದ ಮಣ್ಣು ಗುಂಡಿ ಬೀಳುತ್ತಿತ್ತು. ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಬಗ್ಗಲಾರದ ಸೊಂಟವನ್ನು ಬಗ್ಗಿಸಿ, ಎರಡೂ ಅಂಗೈಗಳನ್ನು ಕೊಳವೆಯ ಬಾಯಿಗೆ ಅಡ್ಡ ಹಿಡಿದಳು.

“ಇಷ್ಟೊಂದು ಬೇಡ ಕಣೋ ಜೆಥ್ರೊ,” ಎಂದಳು. “ಎಳೇ ಕೂಸು ಅದು. ಶೀತ ಆಗುತ್ತೆ.”