ಒಂದೂ ಬಿಡದೆ ಹೇಳು

ಊರಲ್ಲಿ ಯಾರದೇ ಮದುವೆಯ ದಿನ ನಮ್ಮತ್ತೆಯ ತುರುಬಿನಲ್ಲಿ ಎರಡು ಮೊಳ ಅಬ್ಬಲಿಗೆ ಇರುತ್ತಿತ್ತು, ಕಾಲಲ್ಲಿ ಮಾತ್ರ ಚಪ್ಪಲಿ ಇರುತ್ತಿರಲಿಲ್ಲ. ಕಡುಗೆಂಪು ರೇಷ್ಮೆ ಸೀರೆ, ಮುಂಗೈ ತುಂಬ ಹಸಿರು ಬಳೆ, ಹಣೆಯಲ್ಲಿ ವಿಭೂತಿಯ ಗೆರೆಯ ಕೆಳಗೆ ಅಗಲ ಕುಂಕುಮ. ಹಾಗೆ ಸಿಂಗರಿಸಿಕೊಂಡು ಸೊರಬದ ನಮ್ಮ ಮನೆಯ ಮುಂಬಾಗಿಲ ಕಟ್ಟೆಯ ಮೇಲೆ ಬರಿಗಾಲಲ್ಲಿ ಕೂತುಬಿಡುತ್ತಿದ್ದರು. ಕಲ್ಯಾಣ ಮಂಟಪಕ್ಕೆ ಹೊರಟವರೆಲ್ಲ ನಮ್ಮ ಬೀದಿಯಲ್ಲೇ ಹಾಯಬೇಕು. ಒಬ್ಬೊಬ್ಬರನ್ನೂ ನಿಲ್ಲಿಸಿ, ಸೆರಗು ಮುಟ್ಟಿ ನೋಡಿ, ಮಕ್ಕಳ ಕೆನ್ನೆ ಹಿಂಡಿ, "ಹೋಗ್ಬನ್ನಿ, ಹೋಗ್ಬನ್ನಿ, ಮುಹೂರ್ತ ಮೀರ್ತದೆ" ಎಂದು ತಾವೇ ಹೆಣ್ಣಿನ ಕಡೆಯವರೇನೋ ಎಂಬಂತೆ ಅವಸರ ಮಾಡಿ ಕಳಿಸುತ್ತಿದ್ದರು. ಅವರು ಮಾತ್ರ ಹೋಗುತ್ತಿರಲಿಲ್ಲ.

ಹೋಗುವ ಹಾಗಿರಲಿಲ್ಲ. ನನ್ನ ಮಗಳು ಐದನೇ ಕ್ಲಾಸಿನಲ್ಲಿದ್ದಾಗ ಮಾವನವರಿಗೆ ಲಕ್ವ ಹೊಡೆದು ಬಲಭಾಗ ಪೂರ್ತಿ ಬಿದ್ದುಹೋಯಿತು. ಮಾತೂ ಹೋಯಿತು. ಉಳಿದದ್ದು "ಎಲ್ಲಿ?" ಎನ್ನುವ ಒಂದೇ ಮಾತು. ಅತ್ತೆ ಕಣ್ಣಿಗೆ ಕಾಣದಿದ್ದರೆ ಅದನ್ನು ಬೀದಿಗೆ ಕೇಳುವಂತೆ ಕೂಗುತ್ತಿದ್ದರು. ಅತ್ತೆ ಬಚ್ಚಲಲ್ಲಿರಲಿ, ಹಿತ್ತಿಲಲ್ಲಿರಲಿ, "ಇಲ್ಲೇ ಇದೀನಿ" ಎಂದು ಕೂಗಿ ಹೇಳಲೇಬೇಕು. ಬೇರೆ ಯಾರು ತುತ್ತಿಟ್ಟರೂ ಮಾವ ಹಲ್ಲು ಬಿಗಿಯುತ್ತಿದ್ದರು. ನನ್ನ ಗಂಡ, ಅವರಿಗೆ ಇರುವ ಒಬ್ಬನೇ ಮಗ, ಇಟ್ಟರೂ ಅಷ್ಟೇ. ಹೀಗೆ ಒಂಬತ್ತು ವರ್ಷ ನಡೆಯಿತು.

ಒಂದು ಸಲ ಅತ್ತೆ ಹೊರಟೇಬಿಟ್ಟಿದ್ದರು. ಜಡೆ ಊರಿನಲ್ಲಿ ಅವರ ತಮ್ಮನ ಮಗಳ ಮದುವೆ. ತಾವೇ ಎತ್ತಿ ಆಡಿಸಿದ ಹುಡುಗಿ. ಬೆಳಿಗ್ಗೆ ಮಾವನಿಗೆ ಉಣಿಸಿ, ಅವರ ಕಣ್ಣು ಹತ್ತಿದ್ದನ್ನು ನೋಡಿ, ಮಗನನ್ನು ಮಂಚದ ಪಕ್ಕ ಕೂರಿಸಿ, ಅವತ್ತು ಚಪ್ಪಲಿ ಮೆಟ್ಟಿ ಆಟೋ ಹತ್ತಿದರು. ಪಕ್ಕದಲ್ಲಿ ನಾನು. ಆಟೋದವನು ಗಾಡಿ ಶುರು ಮಾಡುವುದಕ್ಕೂ ಒಳಗಿನಿಂದ "ಎಲ್ಲಿ?" ಎಂದು ಕೇಳುವುದಕ್ಕೂ ಸರಿಹೋಯಿತು. ಅತ್ತೆ ಕಣ್ಣು ಮುಚ್ಚಿ ಕೂತರು. ಇನ್ನೊಂದು ಸಲ ಕೇಳಿತು. ಮೂರನೆಯದಕ್ಕೆ ಇಳಿದರು.

"ನೀ ಹೋಗ್ಬಾರೆ," ಅಂದರು ನನಗೆ. "ಒಂದೂ ಬಿಡದೆ ನೋಡ್ಕಂಡ್ ಬಾ. ಬಂದು ಹೇಳು." ಆಮೇಲೆ ಬಾಗಿಲ ಕಡೆ ತಿರುಗಿ, "ಇಲ್ಲೇ ಇದೀನಿ, ಎಲ್ಲೂ ಹೋಗಿಲ್ಲ" ಎನ್ನುತ್ತ ಒಳಗೆ ಹೋದರು.

ಅಲ್ಲಿಂದ ಅದು ನನ್ನ ಕೆಲಸವಾಯಿತು. ಈ ಕೆಲಸಕ್ಕೆ ನನ್ನಷ್ಟು ಅಯೋಗ್ಯಳು ಎರಡು ತಾಲ್ಲೂಕಿನಲ್ಲಿ ಸಿಗುವುದಿಲ್ಲ. ಶಿಕಾರಿಪುರದಲ್ಲಿ ಸದ್ದುಗದ್ದಲವಿಲ್ಲದ ಮನೆಯಲ್ಲಿ ಒಬ್ಬಳೇ ಮಗಳಾಗಿ ಬೆಳೆದವಳು ನಾನು. ಹತ್ತು ಜನ ಒಟ್ಟಿಗೆ ಮಾತಾಡಿದರೆ ತಲೆನೋವು ಬರುತ್ತದೆ. ಮಂಟಪದಲ್ಲಿ ಕಿವಿ ಒಡೆಯುವ ಸ್ಪೀಕರು, "ಯಾರ ಮನೆಯೋರು ನೀವು?", "ಒಂದೇ ಮಗುಗೆ ಸಾಕು ಮಾಡಿದ್ರಾ?" ಎನ್ನುವವರ ಸಾಲು, ಒಂದು ಕೈಯಲ್ಲಿ ತಟ್ಟೆ ಇನ್ನೊಂದು ಕೈಯಲ್ಲಿ ಸೆರಗು. ಬರುವ ದಾರಿಯುದ್ದಕ್ಕೂ ಉಸಿರು ಕಟ್ಟಿದ ಹಾಗಿರುತ್ತಿತ್ತು. ಹೋಗಬೇಕೆಂದು ಸಾಯುತ್ತಿದ್ದವರು ಮನೆಯಲ್ಲಿ ಸಿಕ್ಕಿಬಿದ್ದಿದ್ದರು, ಮನೆಯಲ್ಲಿ ಬಿದ್ದಿರಬೇಕೆಂದವಳು ಮದುವೆಗಳಲ್ಲಿ ಸಿಕ್ಕಿಬಿದ್ದಿದ್ದೆ.

ಬಂದೊಡನೆ ಕಾಲು ತೊಳೆದು ಮಾವನ ಮಂಚದ ಬುಡದಲ್ಲಿ ಕೂರಬೇಕು. ಮೊದಲು ಉಡಿ. ನಮ್ಮ ಕಡೆ ಶುಭಕಾರ್ಯದಲ್ಲಿ ಮುತ್ತೈದೆಯರ ಸೆರಗಿನ ಉಡಿಗೆ ಅಕ್ಕಿ, ತೆಂಗಿನಕಾಯಿ, ಎಲೆಅಡಿಕೆ, ಒಂದು ರವಿಕೆ ಖಣ ತುಂಬಿ ಕಳಿಸುತ್ತಾರೆ. ಬರಲಾಗದ ಹಿರಿಯ ಮುತ್ತೈದೆಯ ಪಾಲನ್ನು ಸೊಸೆಯ ಕೈಯಲ್ಲಿ ಕೊಡುವುದುಂಟು. ಹಾಗಾಗಿ ನಾನು ಯಾವಾಗಲೂ ಎರಡು ಉಡಿ ಹೊತ್ತು ಬರುತ್ತಿದ್ದೆ. ಅತ್ತೆ ಸೆರಗೊಡ್ಡಿ ತಮ್ಮದನ್ನು ಇಸಿದುಕೊಂಡು, ಕಣ್ಣಿಗೊತ್ತಿಕೊಂಡು, ಗೋಡೆಗೆ ಒರಗಿ, "ಹ್ಞೂ, ಹೇಳು. ಒಂದೂ ಬಿಡದೆ" ಅನ್ನುತ್ತಿದ್ದರು. ಯಾರು ಯಾರ ಪಕ್ಕ ಕೂತರು, ಬೀಗರು ಮುಖ ಯಾಕೆ ಊದಿಸಿದರು, ಹೋಳಿಗೆಯ ಹೂರಣಕ್ಕೆ ಏಲಕ್ಕಿ ಹಾಕಿದ್ದರೋ ಇಲ್ಲವೋ. ಫೋನಿನಲ್ಲಿ ಫೋಟೋ ತೋರಿಸಿ ಪಾರಾಗೋಣವೆಂದರೆ, "ಇದ್ರಾಗೆ ಎಲ್ರೂ ಒಂದೇ ತರ ಹಲ್ಲು ಕಿರೀತಾರೆ ಮಾರಾಯ್ತಿ. ನಿನ್ನ ಬಾಯಾಗೆ ಹೇಳು" ಎಂದು ಫೋನು ಮಗುಚಿ ಇಡುತ್ತಿದ್ದರು. ನಗುವ ವಿಷಯ ಬಂದರೆ ಮಾವನೂ ಅರ್ಧ ಮುಖದಲ್ಲಿ ನಗುತ್ತಿದ್ದರು.

ಒಂದು ಸಲ ನಾನು ತಪ್ಪಿಸಿಕೊಂಡೆ. ಮದುವೆ ಶಿಕಾರಿಪುರದಲ್ಲಿ, ಅತ್ತೆಯ ದೂರದ ಸಂಬಂಧಿಕರದು. ಬಸ್ಸಿಳಿದು ಮಂಟಪದ ಬಾಗಿಲವರೆಗೆ ಹೋದೆ. ಒಳಗಿನ ಗದ್ದಲ ಕೇಳಿ ಕಾಲು ಮುಂದೆ ಬರಲಿಲ್ಲ. ಸೀದಾ ತವರಿಗೆ ಹೋಗಿ, ಅವ್ವ ಮಾಡಿದ ಮೊಸರನ್ನ ತಿಂದು, ಮಧ್ಯಾಹ್ನ ಪೂರ್ತಿ ನಿದ್ದೆ ಹೊಡೆದೆ. ಹೊರಡುವಾಗ ಅವ್ವನ ಪೆಟ್ಟಿಗೆಯಿಂದ ಎರಡು ಖಣ ತೆಗೆದೆ, ದಾರಿಯಲ್ಲಿ ಕಾಯಿ ಕೊಂಡೆ. ಮನೆಗೆ ಬಂದು ಇಲ್ಲದ ಮದುವೆಯನ್ನು ಕಟ್ಟಿ ನಿಲ್ಲಿಸಿದೆ. ಗಂಡಿನ ಸೋದರತ್ತೆ ಮಲ್ಲಿಗೆ ದಂಡೆ ಸಣ್ಣದಾಯಿತೆಂದು ಸಿಟ್ಟು ಮಾಡಿ ಊಟಕ್ಕೆ ಏಳಲಿಲ್ಲ, ಹೋಳಿಗೆ ಬಂತೆಂದು ಯಾರೋ ಹೇಳಿದ್ದೇ ದಂಡೆ ಮರೆತು ಮೊದಲ ಸಾಲಿನಲ್ಲಿ ಕೂತಳು ಎಂದೆ. ಅತ್ತೆ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಅಷ್ಟು ಚೆನ್ನಾಗಿ ನಾನು ನಿಜವಾದ ಮದುವೆಯನ್ನೂ ಹೇಳಿರಲಿಲ್ಲ.

ನಾಲ್ಕು ದಿನಕ್ಕೆ ಶಿಕಾರಿಪುರದಿಂದ ಅತ್ತೆಯ ಗೆಳತಿಯೊಬ್ಬರು ಬಂದರು. ಕೂತವರೇ ಶುರು ಮಾಡಿದರು. "ಏನ್ ಮದಿವಿರೀ ಅದು! ಅಡಿಗಿಯೋರು ಬರ್ಲೇ ಇಲ್ಲ. ಮೂರು ಗಂಟಿಗೆ ಬರೀ ಚಿತ್ರಾನ್ನ ಮಜ್ಜಿಗಿ ಉಂಡು ಎದ್ದು ಬಂದ್ವಿ ನೋಡ್ರಿ. ನಿಮ್ ಸೊಸಿ ಎಲ್ಲಿದ್ರೋ, ಕಾಣ್ಲೇ ಇಲ್ಲ."

ಚಹಾದ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ ನನಗೆ ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು. ಅತ್ತೆ ನನ್ನ ಮುಖ ನೋಡಿದರು, ಗೆಳತಿಯ ಕಡೆ ತಿರುಗಿದರು. "ಹೌದಂತೆ. ನಮ್ಮ ಹುಡುಗಿ ಬಂದವಳೇ ಎಲ್ಲ ಹೇಳಿದ್ಲು. ಹಿಂದಿನ ಸಾಲಲ್ಲಿ ಕೂತಿದ್ಲಂತೆ, ಅದಕ್ಕೆ ಕಂಡಿರಲಿಕ್ಕಿಲ್ಲ."

ಗೆಳತಿ ಹೋದ ಮೇಲೆ ನಾನು ಬೈಗುಳಕ್ಕೆ ಕಾದೆ. ಅತ್ತೆ ಮಾವನ ಬಾಯಿ ಒರೆಸುತ್ತ, ನನ್ನ ಕಡೆ ನೋಡದೆ ಅಂದರು: "ಇನ್ನೊಂದ್ ಸಲ ಸಾರಿಗೆ ಉಪ್ಪು ಕಮ್ಮಿ ಇತ್ತು ಅಂತ ಸೇರಿಸು. ಎಲ್ಲಾ ಚೆಂದಿತ್ತು ಅಂದ್ರೆ ಯಾರು ನಂಬ್ತಾರೆ?" ಅಷ್ಟೇ. ಆಮೇಲೆ ನಾನು ಮದುವೆ ತಪ್ಪಿಸಲಿಲ್ಲ. ಹೋಗಿ ಬಂದದ್ದಕ್ಕೇ ಒಂದಿಷ್ಟು ಉಪ್ಪು ಖಾರ ಸೇರಿಸಿ ಹೇಳುವುದನ್ನು ಕಲಿತೆ.

ಒಂಬತ್ತನೆಯ ವರ್ಷ ಮಾವ ತೀರಿಕೊಂಡರು. ಇನ್ನು ಮೇಲೆ ಅತ್ತೆಯನ್ನು ಹಿಡಿದಿಡುವವರು ಯಾರೂ ಇಲ್ಲವೆಂದುಕೊಂಡೆ. ಆ ಸಂಕಟದ ನಡುವೆಯೂ ನನಗೆ ಒಳಗೊಳಗೇ ಹಗುರವಾಗಿತ್ತು. ಇನ್ನು ನನ್ನ ಬದಲು ಅವರೇ ಹೋಗುತ್ತಾರೆಂದು. ಸ್ವಾರ್ಥವೇ ಸರಿ, ಮುಚ್ಚಿಡುವುದಿಲ್ಲ.

ವರ್ಷ ಕಳೆದ ಮೇಲೆ ಬಂದ ಮೊದಲ ಮದುವೆಗೆ ಇಬ್ಬರೂ ಹೋದೆವು. ಅತ್ತೆಗೆ ಬಿಳಿ ಹೂವಿನ ಚಿಕ್ಕೆಯ ಸೀರೆ, ತಲೆಯಲ್ಲಿ ಹೂವಿಲ್ಲ, ಹಣೆಯಲ್ಲಿ ವಿಭೂತಿ ಮಾತ್ರ, ಕಾಲಲ್ಲಿ ಹೊಸ ಚಪ್ಪಲಿ. ಮಂಟಪದಲ್ಲಿ ಎಲ್ಲರೂ ಚೆನ್ನಾಗಿಯೇ ಮಾತಾಡಿಸಿದರು. ಆಮೇಲೆ ಉಡಿ ತುಂಬುವವರು ತಟ್ಟೆ ಹಿಡಿದು ಕುರ್ಚಿಗಳ ಸಾಲಿಗೆ ಬಂದರು. ನನಗೆ ತುಂಬಿದರು. ಅತ್ತೆಯ ಮುಂದೆ ತಟ್ಟೆ ನಿಲ್ಲಲಿಲ್ಲ, ಆಚೆ ಕೂತವರಿಗೆ ಹೋಯಿತು. ಅತ್ತೆ ಪರ್ಸಿನ ಜಿಪ್ಪು ತೆಗೆದು ಏನೋ ಹುಡುಕತೊಡಗಿದರು. ತಟ್ಟೆ ಸಾಲು ದಾಟುವವರೆಗೂ ಹುಡುಕುತ್ತಲೇ ಇದ್ದರು.

ಮನೆಗೆ ಬಂದು ಚಪ್ಪಲಿ ಕಳಚಿ ಮೂಲೆಗಿಡುತ್ತ ಅಂದರು: "ಮನ್ಯಾಗೆ ಕೂತ್ರೆ ಉಡಿ ಬರ್ತಿತ್ತು. ಹೋದ್ರೆ ಬರಲ್ಲ ನೋಡು."

ಅವರು ಮತ್ತೆ ಹೋಗಲಿಲ್ಲ. ಕಟ್ಟೆಯ ಮೇಲೂ ಕೂರಲಿಲ್ಲ. ಶುಭಕ್ಕೆ ಹೊರಟವರಿಗೆ ಎದುರಾಗಬಾರದೆಂದು ತಾವೇ ನಿಯಮ ಮಾಡಿಕೊಂಡರು. ಮೊದಲಾದರೆ "ಎಲ್ಲಿ?" ಎಂದು ಕೂಗುವವರಿದ್ದರು. ಈಗ ಕೂಗುವವರೂ ಇಲ್ಲ, ಹೋಗುವಂತೆಯೂ ಇಲ್ಲ. ನಾನು ಮುಂಚಿನ ಹಾಗೆಯೇ ಹೋಗುತ್ತಿದ್ದೆ, ಒಂದೇ ಉಡಿ ತರುತ್ತಿದ್ದೆ, ಹಿಂದಿನ ಕೋಣೆಯಲ್ಲಿ ಅದೇ ಮಂಚದ ಬುಡದಲ್ಲಿ ಕೂತು ಹೇಳುತ್ತಿದ್ದೆ.

ಐದು ವರ್ಷದ ಮೇಲೆ ನನ್ನ ಮಗಳ ಕುಬುಸ ಬಂತು. ಬಸುರಿಗೆ ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಆರತಿ ಎತ್ತುವ ಕಾರ್ಯ. ನಮ್ಮ ಮನೆಯಲ್ಲೇ, ಬಾಗಿಲ ಮುಂದೆ ಶಾಮಿಯಾನ ಹಾಕಿ. ಅತ್ತೆ ಒಂದು ತಿಂಗಳ ಮುಂಚಿನಿಂದ ನಿಂತಲ್ಲಿ ನಿಲ್ಲಲಿಲ್ಲ. ಯಾರನ್ನು ಕರೆಯಬೇಕು, ಯಾರ ಪಕ್ಕ ಯಾರನ್ನು ಕೂರಿಸಬಾರದು, ಐದು ತರದ ಉಂಡೆ ಯಾವುವು, ಎಲ್ಲ ಅವರದೇ. ಖಣಗಳನ್ನು ಎಣಿಸಿ ಮಡಿಸಿ ತಟ್ಟೆಯಲ್ಲಿ ಜೋಡಿಸಿದವರೂ ಅವರೇ. ಕಾರ್ಯದ ದಿನ ಬೀಗರ ವ್ಯಾನು ಬಂದು ನಿಂತದ್ದೇ, "ನಾನು ಒಳಗೆ ನೋಡ್ಕತೀನಿ" ಎಂದು ಹಿಂದಿನ ಕೋಣೆ ಸೇರಿದರು.

ಹಸೆಯ ಮೇಲೆ ಕೂತ ಮಗಳು ಎರಡು ಸಲ ಕೇಳಿದಳು, "ಅಜ್ಜಿ ಎಲ್ಲಿ, ಅಮ್ಮ?" ಬರ್ತಾರೆ ಎಂದೆ. ಮನೆಯೊಡತಿಯಾಗಿ ಉಡಿ ತುಂಬುವ ತಟ್ಟೆ ಅವತ್ತು ನನ್ನ ಕೈಯಲ್ಲಿತ್ತು. ಬಂದ ಮುತ್ತೈದೆಯರಿಗೆಲ್ಲ ತುಂಬಿದೆ. ಕೊನೆಗೆ ತಟ್ಟೆಯಲ್ಲಿ ಒಂದು ಖಣ ಉಳಿಯಿತು. ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಮಂಚದಿಂದ ಇಳಿಬಿಟ್ಟ ಅತ್ತೆಯ ಪಾದ ಕಾಣುತ್ತಿತ್ತು. ಹತ್ತು ಹೆಜ್ಜೆ. ಅವರ ಸುಳ್ಳಿನಿಂದ ಮಾನ ಉಳಿಸಿಕೊಂಡವಳು ನಾನು, ಆ ಹತ್ತು ಹೆಜ್ಜೆ ಇಟ್ಟಿದ್ದರೆ ಸಾಕಿತ್ತು. ಪಕ್ಕದಲ್ಲಿ ನಿಂತಿದ್ದ ನನ್ನ ಗಂಡನ ದೊಡ್ಡಮ್ಮ ನನ್ನ ಕಣ್ಣು ಹೋದ ದಿಕ್ಕನ್ನು ನೋಡಿ, ಮೆಲ್ಲಗೆ, "ಬಸುರಿ ಹುಡುಗಿ ಕೂತಿದಾಳೆ. ಮುಗೀತಲ್ಲ, ಎತ್ತಿಡು" ಅಂದರು. ಎತ್ತಿಟ್ಟೆ.

ಸಂಜೆ ಶಾಮಿಯಾನದವರು ಕಂಬ ಕೀಳುತ್ತಿದ್ದಾಗ ಅತ್ತೆ ಕೋಣೆಯಿಂದ ಕರೆದರು. ಗೋಡೆಗೆ ಒರಗಿ ಕೂತಿದ್ದರು. "ಬಾ, ಕೂತ್ಕ. ಹೇಳು ಈಗ. ಒಂದೂ ಬಿಡದೆ."

ಪಕ್ಕದ ಪಡಸಾಲೆಯಲ್ಲಿ, ಅವರದೇ ಮನೆಯಲ್ಲಿ, ಅವರೇ ಎತ್ತಿ ಬೆಳೆಸಿದ ಮೊಮ್ಮಗಳಿಗೆ ನಡೆದ ಕಾರ್ಯವನ್ನು ಅವರಿಗೆ ಹೇಳಿದೆ. ಬಳೆಗಾರರು ಬಂದದ್ದು, ಬೀಗಿತ್ತಿ ಎರಡು ಸಲ ಉಂಡೆ ಹಾಕಿಸಿಕೊಂಡದ್ದು, ಮಗಳು ನಾಚಿದ್ದು. ಉಡಿಯ ಹೊತ್ತು ಬಂದಾಗ ಅವರ ಪಾದದ ಕಡೆ ನೋಡಿದೆ. ಆಮೇಲೆ ಅಂದೆ: "ಎಲ್ಲಾರಿಗೂ ತುಂಬಿದ್ ಮ್ಯಾಲೆ ಅತ್ತೆಗೆ ತುಂಬಿದೆ. ಹಸೆ ಪಕ್ಕದಾಗೇ ಕೂತಿದ್ರು. ಹಸಿರು ಖಣ."

ಅತ್ತೆ ಸೆರಗಿನ ಅಂಚನ್ನು ಉಡಿಯ ಮೇಲೆ ಹರಡಿ ಸರಿಮಾಡಿಕೊಂಡರು.

"ಹಸಿರು ಬ್ಯಾಡ," ಅಂದರು. "ಎಲ್ಲರಿಗೂ ಹಸಿರೇ ಕೊಟ್ಟಿದೀಯ. ನಂದು ನೀಲಿ ಅನ್ನು."

"ನೀಲಿ," ಎಂದೆ.

"ಸಾರು?"

"ಉಪ್ಪು ಸ್ವಲ್ಪ ಕಮ್ಮಿ ಆಗಿತ್ರೀ."

ನಕ್ಕರು. ನನಗೆ ಅಳು ಬಂತು. ಅವರು ನನ್ನ ತಲೆಯ ಮೇಲೆ ಕೈಯಿಟ್ಟುಕೊಂಡು ಹೊರಗೆ ಕಂಬ ಕೀಳುವ ಸದ್ದು ಕೇಳುತ್ತ ಕೂತಿದ್ದರು.

ಮರುವಾರ ಶಿಕಾರಿಪುರಕ್ಕೆ ಹೋದಾಗ ನೀಲಿ ಖಣವೊಂದನ್ನು ಕೊಂಡು ತಂದೆ. ನವಿಲುಗರಿಯ ನೀಲಿ, ಅಂಚಿಗೆ ಕೆಂಪು. ನನ್ನ ಸೀರೆಗಳ ಕೆಳಗೆ ಇಟ್ಟೆ. ಹಬ್ಬಕ್ಕೆ ಕೊಡೋಣ, ಮೊಮ್ಮಗಳ ಮಗುವಿನ ತೊಟ್ಟಿಲಿಗೆ ಕೊಡೋಣ ಎಂದುಕೊಳ್ಳುತ್ತಲೇ ಒಂದೂವರೆ ವರ್ಷ ಹೋಯಿತು. ಕೊಟ್ಟರೆ ಅವತ್ತಿನ ಕಥೆ ಸುಳ್ಳೆಂದು ಒಪ್ಪಿಕೊಂಡಂತಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಅದು ನೆಪ. ನನಗೆ ಹೆದರಿಕೆಯಿತ್ತು.

ಹೋದ ಶ್ರಾವಣದಲ್ಲಿ ಅತ್ತೆ ತೀರಿಕೊಂಡರು. ಮೂರೇ ದಿನದ ಜ್ವರ. ನಮ್ಮಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ, ಕೂರಿಸುತ್ತೇವೆ. ಪಡಸಾಲೆಯ ನಡುವೆ ಹೊಸ ಸೀರೆ ಉಡಿಸಿ, ವಿಭೂತಿ ಹಚ್ಚಿ, ಕೊರಳ ತುಂಬ ಹೂವಿನ ಹಾರ ಹಾಕಿ ಕೂರಿಸಿದರು. ಸುತ್ತ ಜನವೋ ಜನ. ಎಷ್ಟೋ ವರ್ಷದ ಮೇಲೆ ಅವರು ಎಲ್ಲರ ನಡುವೆ, ಎಲ್ಲರಿಗಿಂತ ಮುಂದೆ ಕೂತಿದ್ದರು. ಮೈಮೇಲೆ ಹೊದಿಸಿದ ಶಾಲು ಸರಿಪಡಿಸುವ ನೆಪದಲ್ಲಿ ನೀಲಿ ಖಣವನ್ನು, ಒಳಗೆ ಒಂದು ಹಿಡಿ ಅಕ್ಕಿ ಕಟ್ಟಿ, ಅವರ ಉಡಿಗೆ ಸೇರಿಸಿದೆ. ಶಾಲಿನಡಿ ಯಾರಿಗೂ ಕಾಣಲಿಲ್ಲ. ಆಗಲೂ ಹತ್ತು ಜನರೆದುರು ಕೊಡುವ ಧೈರ್ಯ ನನಗೆ ಬರಲಿಲ್ಲ.

ಆಮೇಲೆ ಗೋಡೆಗೆ ಒರಗಿ ನಿಂತು ನೋಡಿದೆ. ಅತ್ತೆ ಎತ್ತಿ ಆಡಿಸಿದ ಜಡೆಯ ತಮ್ಮನ ಮಗಳು ಬಂದು ಮಂಡಿಯೂರಿ ಅತ್ತಳು. ಶಿಕಾರಿಪುರದ ಗೆಳತಿಯನ್ನು ಇಬ್ಬರು ಹಿಡಿದುಕೊಂಡು ಬಂದರು. ಒಬ್ಬರಿಗೊಬ್ಬರು ಮಾತು ಬಿಟ್ಟಿದ್ದ ನಮ್ಮ ಬೀದಿಯ ಇಬ್ಬರು ವಾರಗಿತ್ತಿಯರು ಅಕ್ಕಪಕ್ಕ ಕೂತಿದ್ದರು. ಗಂಡನ ದೊಡ್ಡಮ್ಮ ಸೆರಗು ಬಾಯಿಗೊತ್ತಿಕೊಂಡು ಬಾಗಿಲಲ್ಲೇ ನಿಂತರು. ಯಾರು ಯಾವ ಸೀರೆ, ಯಾರ ಪಕ್ಕ ಯಾರು, ಯಾರು ಮೊದಲು ಎದ್ದರು, ಎಲ್ಲ ಗಮನವಿಟ್ಟು ನೋಡಿಟ್ಟುಕೊಂಡೆ.

ಮಣ್ಣು ಮುಗಿಸಿ ಬಂದು, ಸ್ನಾನ ಮಾಡಿ, ಒದ್ದೆ ಕೂದಲಲ್ಲೇ ಹಿಂದಿನ ಕೋಣೆಗೆ ಹೋಗಿ ಮಂಚದ ಬುಡದಲ್ಲಿ ಕೂತೆ. ಹೇಳುವುದಕ್ಕೆ ಅಷ್ಟೊಂದು ಇತ್ತು.