ಪಕ್ಕದ ಕ್ಲಾಸಿನ ರಸಬಾಳೆ

ಕಳೆದ ಭಾನುವಾರ ಬೆಳಿಗ್ಗೆ ನಂಜನಗೂಡಿನ ನಮ್ಮ ಚರ್ಚ್‌ನಲ್ಲಿ ಆರಾಧನೆ ಮುಗಿದ ಮೇಲೆ, ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ಸಂಡೇ ಸ್ಕೂಲಿನ ಒಂದು ಕೊಠಡಿಯಿಂದ ಎದ್ದು ಪಕ್ಕದ ಕೊಠಡಿಗೆ ಹೋಗಿ ಕುಳಿತಳು. ಅವಳು ಬಿಟ್ಟುಹೋದ ಕೊಠಡಿಯಲ್ಲಿ ಪಾಠ ಮಾಡುತ್ತಿದ್ದವನು ನಾನು. ಹೋದವಳು ನನ್ನ ಮಗಳು ಗ್ರೇಸಿ.

ವಾರವೆಲ್ಲ ಊರಿನ ಸುದ್ದಿ ಬರೆಯುತ್ತೇನೆ. ಭಾನುವಾರ ಮಕ್ಕಳಿಗೆ ಬೈಬಲ್ ಪಾಠ ಹೇಳುತ್ತೇನೆ. ವರ್ಷಗಳಿಂದ ಆ ಕೆಲಸಕ್ಕೆ ನಾನೊಬ್ಬನೇ ಇದ್ದೆ. ಈ ವರ್ಷ ಗಂಡನಿಗೆ ವರ್ಗವಾಗಿ ಶೀಲಾ ಎಂಬುವವರು ಟಿ. ನರಸೀಪುರದಿಂದ ಬಂದರು. ನಾನೂ ಪಾಠ ಹೇಳುತ್ತೇನೆ ಎಂದರು. ಅಯ್ಯನವರು (ಪಾಸ್ಟರನ್ನು ನಾವು ಕರೆಯುವುದು ಹಾಗೆ) ಎರಡು ಕ್ಲಾಸ್ ಮಾಡಿ, ಮಕ್ಕಳು ಇಷ್ಟ ಬಂದ ಕಡೆ ಕೂರಲಿ ಎಂದುಬಿಟ್ಟರು.

ಈ ತಿಂಗಳ ಪಾಠದ ವಿಷಯ: ವಿವೇಕದ ಆಯ್ಕೆ. ಮಕ್ಕಳು ಬೇಗ ಕಲಿತರು ಅನ್ನಿ. ಒಬ್ಬೊಬ್ಬರಾಗಿ ಅತ್ತ ಹೋದರು.

ಹೊಟ್ಟೆಕಿಚ್ಚಾ? ಹೌದು. ಬೇರೆ ಪದ ಇದ್ದರೆ ನೀವೇ ಹೇಳಿ.

ಮಗಳೂ ಹೋದ ಮೇಲೆ ನಾನು ಡಸ್ಟರ್ ಕೇಳುವ ನೆಪದಲ್ಲಿ ಪಕ್ಕದ ಬಾಗಿಲಿಗೆ ಹೋಗಿ ನಿಂತೆ. (ನನ್ನ ಡಸ್ಟರ್ ನನ್ನ ಕೈಯಲ್ಲೇ ಇತ್ತು.) ದಾವೀದನ ಕಥೆ ನಡೆದಿತ್ತು. ಎತ್ತರದ ಅಣ್ಣಂದಿರನ್ನೆಲ್ಲ ಬಿಟ್ಟು, ಕುರಿ ಕಾಯುವ ಕಿರಿಯವನನ್ನು ದೇವರು ರಾಜನಾಗಿ ಆರಿಸಿದ ಕಥೆ. ಶೀಲಾ ಮೇಜಿನ ಮೇಲೆ ಎರಡು ರಸಬಾಳೆ ಇಟ್ಟಿದ್ದರು. ಒಂದು ಹೊಳೆಯುವ ಹಳದಿ. ಇನ್ನೊಂದರ ಸಿಪ್ಪೆ ಕಪ್ಪಿಟ್ಟಿತ್ತು.

"ಯಾವ್ದು ಬೇಕು? ಆರಿಸ್ಕೊಳ್ಳಿ."

ಲೆಕ್ಕಾಚಾರ ಗೊತ್ತಾಯಿತಲ್ಲ? ಮಕ್ಕಳು ಹಳದಿಗೆ ಕೈ ಹಾಕಬೇಕು. ಆಗ ಶೀಲಾ, ಹೊರಗಿನ ಅಂದ ನೋಡಿ ಮೋಸ ಹೋಗಬಾರದು ಎನ್ನಬೇಕು.

ಎಲ್ಲ ಮಕ್ಕಳೂ ಕಪ್ಪನ್ನೇ ತೋರಿಸಿದರು.

"ಅಳದಿದು ಇನ್ನೂ ಒಗರು ಮಿಸ್, ಅದನ್ಯಾರ್ ತಿಂದಾರು?" ಎಂದಳು ಬಿಳಿಗೆರೆ ಕಡೆಯ ಹುಡುಗಿ. "ರಸಬಾಳೆ ಸಿಪ್ಪೆ ಕಪ್ಪಾದ್ರೇನೇ ರುಚಿ."

"ನಿಮ್ ನರಸೀಪುರದಲ್ಲಿ ಬಾಳೆಅಣ್ಣೇ ತಿನ್ನಕಿಲ್ವಾ ಮಿಸ್?" ಎಂದ ಇನ್ನೊಬ್ಬ. ಕ್ಲಾಸೆಲ್ಲ ನಗು.

ನಾನೂ ನಕ್ಕೆ. ನಂಜನಗೂಡಿಗೆ ಬಂದು, ನಂಜನಗೂಡಿನ ಮಕ್ಕಳಿಗೇ ರಸಬಾಳೆಯ ಪರೀಕ್ಷೆಯೇ? ಪಾಠ ಮುಗಿಯಿತು ಅಂದುಕೊಂಡೆ. ಎಷ್ಟೋ ವಾರಗಳ ನಂತರ ಮನಸ್ಸು ಹಗುರವಾಯಿತು.

ಶೀಲಾ ಮಕ್ಕಳ ಜೊತೆ ಚಾಪೆಯ ಮೇಲೆ ಕೂತುಬಿಟ್ಟರು. "ಅಯ್ಯೋ, ನಾನೇ ಪೆದ್ದಿಯಾದ್ನಲ್ರೋ! ಅಂಗಡೀಲಿ ನಾನು ಹಳದಿ ನೋಡೇ ತಗೊಂಡಿದ್ದು. ಕಪ್ಪಗಿರೋದನ್ನ ಅಂಗಡಿಯವ್ರು ಸುಮ್ನೆ ಕೊಟ್ರು. ಅಲ್ಲ, ನಿಮಗ್ಯಾರು ಹೇಳ್ಕೊಟ್ರು?"

"ನಮ್ಮಜ್ಜಿ."

"ನಾನೂ ಒಂದ್ಸಲ ಹಳದೀದೇ ಬೇಕು ಅಂತ ಹಠ ಮಾಡ್ದೆ ಮಿಸ್. ಬಾಯೆಲ್ಲ ಒಗರಾಯ್ತು." ಇದು ನನ್ನ ಮಗಳು. ಈ ವಿಷಯ ನನಗೇ ಗೊತ್ತಿರಲಿಲ್ಲ.

"ಹಂಗಾದ್ರೆ ಕೇಳಿ," ಎಂದರು ಶೀಲಾ. "ರಾಜನನ್ನ ಆರಿಸೋಕೆ ಬಂದ ಪ್ರವಾದಿನೂ ಮೊದಲು ನನ್ ಥರಾನೇ ಮೋಸ ಹೋದ್ರು. ದೊಡ್ಡಣ್ಣನ ಎತ್ತರ ನೋಡಿ, ಇವನೇ ಅಂದ್ಬಿಟ್ರು. ದೇವರು ಅಲ್ಲ ಅಂದ್ರು. ಆಮೇಲೆ ಪ್ರವಾದಿ ಏನ್ ಮಾಡಿದ್ರು? ಹಠ ಹಿಡಿದ್ರಾ, ಮಾತು ಕೇಳಿದ್ರಾ?"

ಮಕ್ಕಳು ಚಾಪೆಯ ಮೇಲೆ ಮುಂದೆ ಮುಂದೆ ಸರಿದು ಕೂತರು. ಆ ಅಧ್ಯಾಯವನ್ನು ನಾನು ಎಷ್ಟು ಸಲ ಮಾಡಿದ್ದೇನೋ! ಪ್ರವಾದಿ ಮೊದಲು ತಪ್ಪಿದ್ದರು ಎಂಬ ಸಾಲು ಅಲ್ಲೇ ಇದೆ. ಒಮ್ಮೆಯೂ ಅದರ ಮುಂದೆ ನಿಂತಿರಲಿಲ್ಲ. ಡಸ್ಟರ್ ಹಿಡಿದು ವಾಪಸ್ ಬಂದೆ.

ಮಧ್ಯಾಹ್ನ ಊಟಕ್ಕೆ ಕೂತಾಗ ಮಗಳನ್ನು ಕೇಳಿದೆ. ದನಿಯಲ್ಲಿ ಏನೂ ಕಾಣಿಸಿಕೊಳ್ಳಲಿಲ್ಲ (ಅಂದುಕೊಂಡಿದ್ದೇನೆ).

"ನನ್ ಕ್ಲಾಸ್ ಯಾಕೆ ಬಿಟ್ಟೆ ಕಣಮ್ಮ?"

"ಅಪ್ಪಾ, ನೀವು ಮೊದಲನೇ ಲೈನಲ್ಲೇ ಎಲ್ಲಾ ಹೇಳ್ಬಿಡ್ತೀರ. 'ಕುರಿ ಕಾಯುವ ದಾವೀದ ರಾಜನಾಗಿ ಆಯ್ಕೆ.' ಆಮೇಲ್ ಯಾಕ್ ಕೇಳ್ಬೇಕು?"

ಹೆಂಡತಿ ಲಿಲ್ಲಿ ನನ್ನ ಲೋಟಕ್ಕೆ ಮಜ್ಜಿಗೆ ಬಗ್ಗಿಸಿದಳು. "ಇನ್ನೊಂದ್ ಲೋಟ ಕುಡೀರಿ. ಉರಿ ತಣ್ಣಗಾಗ್ಲಿ."

ಮುಖ್ಯ ವಿಷಯ ಮೊದಲ ಸಾಲಿನಲ್ಲೇ ಬರಬೇಕು. ಸುದ್ದಿಮನೆಯಲ್ಲಿ ನನಗೆ ಕಲಿಸಿದ್ದೇ ಅದು. ಅನ್ನ ಕೊಟ್ಟ ವಿದ್ಯೆ. ಅದೇ ವಿದ್ಯೆ ನನ್ನ ಕ್ಲಾಸನ್ನು ಖಾಲಿ ಮಾಡಿತು ಅಂದರೆ ಯಾರ ಮೇಲೆ ಸಿಟ್ಟಾಗಲಿ?

ಬುಧವಾರ ಅಯ್ಯನವರು ನಮ್ಮಿಬ್ಬರನ್ನೂ ಕರೆದರು. ಒಂದು ಕೊಠಡಿ ಗಾಯನ ತಂಡಕ್ಕೆ ಬೇಕಂತೆ. "ಬರೋ ಭಾನುವಾರದಿಂದ ಒಂದೇ ಕ್ಲಾಸು. ಯಾರು ತಗೋತೀರೋ ನೀವೇ ಮಾತಾಡ್ಕೊಳ್ಳಿ. ತಗೊಳ್ಳೋರ ಹತ್ರ ಕೀ ಇರ್ಲಿ."

ಹೊರಗೆ ಬಂದ ಮೇಲೆ ಶೀಲಾ ಅಂದರು, "ನೀವೇ ತಗೊಳ್ಳಿ ಅಣ್ಣಾ. ಮೊದಲಿಂದ ಇರೋರು ನೀವು. ನಾನು ಮಕ್ಕಳ ಜೊತೆ ಕೂತ್ಕೋತೀನಿ."

ಬಿಟ್ಟುಕೊಡುವುದರಲ್ಲೂ ನನಗಿಂತ ಮುಂದೆ! "ಯೋಚನೆ ಮಾಡಿ ಹೇಳ್ತೀನಿ" ಎಂದೆ. ಕೀ ಎಂದಿನಂತೆ ನನ್ನ ಹತ್ತಿರವೇ ಇತ್ತು.

ಗುರುವಾರ ಹೇಳಲಿಲ್ಲ. ಶುಕ್ರವಾರ ಕೀ ಕೊಟ್ಟುಬಿಡೋಣವೆಂದು ಅವರ ಮನೆ ಗೇಟಿನವರೆಗೆ ಹೋಗಿ, ಹಾಗೇ ವಾಪಸ್ ಬಂದೆ.

ಇಂದು ಶನಿವಾರ, ಸಂಜೆ ಆರು ಗಂಟೆ. ಕೊಠಡಿಯ ಕೀ ಇನ್ನೂ ನನ್ನ ಜೇಬಿನಲ್ಲಿದೆ.